ಉಳವಪ್ಪನ ಕಂಬಳಿ

ಹೊಳೆ ದಂಡೆಯ ಆ ಆಶ್ರಮದಲ್ಲಿ ದವಾಖಾನೆಯೂ ಇತ್ತು, ಪ್ರಯೋಗಶಾಲೆಯೂ ಇತ್ತು. ಎರಡನ್ನೂ ಚನ್ನವೀರಯ್ಯ ಗುರುಗಳೇ ನೋಡಿಕೊಳ್ಳುತ್ತಿದ್ದರು.

ಅವರ ಶಿಷ್ಯೆ ನೀಲವ್ವನಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಈಗಂತೂ ಕೇಳುವುದೇ ಬೇಡ. ಒಡಹುಟ್ಟಿದ ತಮ್ಮ ಉಳವಪ್ಪ ತೊಡೆಯಲ್ಲಿ ಕ್ಯಾನ್ಸರ್ ಗಡ್ಡೆ ಕಟ್ಟಿಕೊಂಡು ಅಲ್ಲೇ ಮಲಗಿದ್ದ.

ಕ್ಯಾನ್ಸರನ್ನು ಕೊಲ್ಲುವ ವೈರಸ್ ಅವರ ಕೈಯಲ್ಲಿತ್ತು. ಆದರೆ ರಕ್ತಕ್ಕೆ ಬಿಟ್ಟರೆ ಗಡ್ಡೆಯ ಅಂಚಿಗೆ ಬಂದು ನಿಂತುಬಿಡುತ್ತಿತ್ತು, ಹಾಳಾದ್ದು!

“ಮೂರು ಪಟ್ಟು ಕೊಡ್ರಿ ಗುರುಗಳ!” ಎಂದಳು ನೀಲವ್ವ.

“ಬಾಗಿಲ ಹಾಕಿದ ಮನಿ ಮುಂದ ಮೂರು ಪಟ್ಟು ಮಂದಿ ನಿಂತ್ರ ಒಳಗ ಹೋದಂಗಾತೇನು?”

“ಹಂಗಾದ್ರ ಬಾಗಿಲಾನ ಮುರೀತೀನಿ!”

ಅದಕ್ಕೊಂದು ದಾರಿಯಿತ್ತು. ವೈರಸ್ಸಿನ ಜೊತೆ ರಕ್ತಕ್ಕೆ ಸಣ್ಣ ಸಣ್ಣ ಅನಿಲದ ಗುಳ್ಳೆ ಬಿಡಬೇಕು. ಹೊರಗಿನಿಂದ ಅಲ್ಟ್ರಾಸೌಂಡ್ ಹಿಡಿದರೆ ಗುಳ್ಳೆಗಳು ಉಬ್ಬಿ ಕುಗ್ಗಿ ವೈರಸ್ಸನ್ನು ಗಡ್ಡೆಯೊಳಕ್ಕೆ ನೂಕುತ್ತವೆ. ಮೆಲ್ಲಗೆ ಹಿಡಿ ಎಂದು ಗುರುಗಳು ಸಾರಿ ಸಾರಿ ಹೇಳಿದ್ದರು. ಆದರೆ ಮೊದಲು ಗಡ್ಡೆಯಿದ್ದ ಇಲಿಯ ಮೇಲೆ ಪ್ರಯೋಗ ಮಾಡುವಾಗ ನೀಲವ್ವ ಯಂತ್ರದ ಜೋರಿನ ಗುಂಡಿಯನ್ನು ಪೂರ್ತಿ ತಿರುವಿದಳು. ಇಲಿ ಒಳಗೇ ರಕ್ತ ಸುರಿದು ಸತ್ತಿತು.

ಸತ್ತ ಇಲಿಯ ತಟ್ಟೆಯನ್ನು ಗುರುಗಳ ಮುಂದೆ ಕುಕ್ಕಿದಳು.

“ನಿಮ್ಮ ಗುಳ್ಳೀನೂ ಸುಳ್ಳು, ನಿಮ್ಮ ಯಂತ್ರಾನೂ ಸುಳ್ಳು! ಅಲ್ಲಿ ನನ್ನ ತಮ್ಮ ಸಾಯಾಕತ್ತಾನ!”

“ಗುಂಡಿ ಎಷ್ಟು ತಿರುವಿದಿ?”

“ಪೂರ್ತಿ!”

ಗುರುಗಳ ಮುಖ ಕೆಂಪಾಯಿತು. ಎದ್ದು ಹೋಗಿ ಉಳವಪ್ಪನ ಕಂಬಳಿ ತಂದರು. ಬಿಗಿಯಾಗಿ ಸುತ್ತಿ, ಹಗ್ಗ ಬಿಗಿದು, ಹೊಳೆಯ ಬಂಡೆ ಮೇಲೆ ಇಟ್ಟರು.

“ನಡುವಿನ ಮಡಿಕಿ ತನಕ ತೋಯಿಸು.”

ಕೊಡದ ಮೇಲೆ ಕೊಡ ಸುರಿದಳು. ನೀರೆಲ್ಲ ಮೇಲಿಂದಲೇ ಹರಿದುಹೋಯಿತು. ಕೈ ತೂರಿಸಿ ನೋಡಿದರೆ ನಡುವೆ ಒಣ ಒಣ.

“ನೀರಾಗ ಇಳಿಸಿ ತುಳಿ,” ಎಂದರು.

ತುಳಿದಳೇ ಅವಳು! ಕಾಲಡಿ ಇದ್ದದ್ದು ಆ ಗಡ್ಡೆಯೇ ಎಂಬಂತೆ ಒದ್ದಳು. “ತಗೋ! ಇನ್ನೂ ತಗೋ!”

ಪರ್ ಎಂದು ಕಂಬಳಿ ಹರಿಯಿತು.

“ಅಯ್ಯೋ, ಅವ್ವ ನೇಯಿಸಿ ಕೊಟ್ಟದ್ದು!” ನೀಲವ್ವ ನೀರಲ್ಲೇ ಕುಸಿದು ಕುಳಿತಳು.

ಗುರುಗಳು ಬೈಯಲಿಲ್ಲ. ಧೋತರ ಎತ್ತಿ ಕಟ್ಟಿ ತಾವೇ ಇಳಿದರು. ಮೆಲ್ಲಗೆ ಒತ್ತಿದರು, ಕಾಲು ಎತ್ತಿದರು. ಮತ್ತೆ ಒತ್ತಿದರು, ಎತ್ತಿದರು. ಎತ್ತಿದಾಗಲೆಲ್ಲ ಉಣ್ಣೆ ನೀರು ಎಳೆದುಕೊಂಡಿತು. ಬಹಳ ಹೊತ್ತಿನ ಮೇಲೆ ಬಿಚ್ಚಿದರೆ ನಡುವಿನ ಮಡಿಕೆಯೂ ತೊಟ್ಟಿಕ್ಕುತ್ತಿತ್ತು.

ನೀಲವ್ವ ಎದ್ದು ಪ್ರಯೋಗಶಾಲೆಗೆ ಹೋದಳು. ಈ ಸಲ ಬೇರೆ ಇಲಿಗಳ ಮೇಲೆ ಗುಂಡಿ ಕಡಿಮೆಯಲ್ಲೇ ಇಟ್ಟಳು. ವೈರಸ್ ಗಡ್ಡೆಯ ನಡುವಿನವರೆಗೂ ಹೋಯಿತು. ಇಲಿಗಳು ಬದುಕಿದವು.

ಉಳವಪ್ಪನ ಸರದಿ ಬಂತು. ಹೊಲಿಗೆ ಹಾಕಿದ ಅದೇ ಕಂಬಳಿ ಹೊದ್ದು ಮಲಗಿದ್ದ. ಗುಂಡಿಯ ಮೇಲೆ ಬೆರಳಿಟ್ಟ ನೀಲವ್ವನಿಗೆ ಊದಿದ ತೊಡೆ ಕಂಡಿದ್ದೇ ತಡ, ಸಿಟ್ಟು ನೆತ್ತಿಗೇರಿತು.

“ಒಂದೀಟು ಜಾಸ್ತಿ ಮಾಡ್ಲೇನ್ರಿ ಗುರುಗಳ? ಈ ದರಿದ್ರ ಗಡ್ಡಿ ಕಂಡ್ರ ಮೈಯೆಲ್ಲಾ ಉರೀತದ!”

ಗುರುಗಳು ಕಂಬಳಿಯ ಹೊಲಿಗೆ ಮೇಲೆ ಕೈಯಿಟ್ಟರು.

“ನನಗೂ ಉರೀತದ ತಂಗಿ. ಆದ್ರ ಗಡ್ಡಿ ಇರೂದು ಇವನ ಮೈಯಾಗ.”