ಮರದ ದಾದಿಯ ಲೆಕ್ಕ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಮಾತ್ರ ಕೇಳ್ಬೇಡ ಮಗಾ, ಹೊನ್ನಾಜಿ ಅಂತ ಒಬ್ಬ ರಾಣಿ ಇದ್ಲಂತೆ. ರಾಜ ತೀರ್ಕೊಂಡಿದ್ದ, ರಾಜ್ಯ ನೋಡ್ಕೊಳ್ಳೋಕೆ ದಿನಾ ಆಸ್ಥಾನಕ್ಕೆ ಹೋಗ್ಲೇಬೇಕು, ತೊಟ್ಟಿಲಲ್ಲಿ ಎಳೇ ಕೂಸು, ಅದರ ಹಟಕ್ಕೆ ಯಾವ ದಾದಿನೂ ನಿಲ್ತಿರ್ಲಿಲ್ವಂತೆ, ನಿನ್ನ ಥರಾನೇ. ಆಮೇಲೆ ಒಬ್ಬ ಬಡಗಿ ಮರದಲ್ಲೇ ಒಂದು ದಾದಿ ಮಾಡ್ಕೊಟ್ನಂತೆ. ಅದು ನಡೀತಿತ್ತು, ಜೋಗುಳ ಹಾಡ್ತಿತ್ತು, ನೋಡಿ ನೋಡಿ ತಾನೇ ಹೊಸಾದು ಕಲೀತಿತ್ತಂತೆ. ಆದ್ರೂ ರಾಣಿಗೆ ನಂಬಿಕೆ ಸಾಲ್ದು. ಇದು ನನ್ನ ಕೂಸಿಗೆ ಕೇಡು ಮಾಡಲ್ಲ ಅಂತ ಲೆಕ್ಕ ಹಾಕಿ ತೋರಿಸೋರು ಯಾರಿದ್ದೀರಿ ಅಂತ ಡಂಗುರ ಹೊಡೆಸಿದ್ಲಂತೆ.

ಮೂರು ಜನ ಅಣ್ಣತಮ್ಮಂದಿರು ಬಂದ್ರಂತೆ, ಮೂವರೂ ಗಣಿತದಲ್ಲಿ ಪಂಡಿತರು. ದೊಡ್ಡೋನು ದಾದಿಯ ಕೀಲೆಲ್ಲ ಅಳೆದು, ಮರಳ ಮೇಲೆ ಲೆಕ್ಕ ಬರೆದು, ಹೊಡೆಯೋಕೆ ಇದರ ಕೈ ಏಳೋದೇ ಇಲ್ಲ ತಾಯಿ ಅಂದ್ನಂತೆ. ಲೆಕ್ಕ ಸರಿಯಾಗೇ ಇತ್ತು. ಕೂಸನ್ನ ಎತ್ತಿ ಆಡಿಸ್ತಾ ಕೈ ಬಿಟ್ರೆ ಅಂದ್ಲು ರಾಣಿ. ಅದನ್ನ ನಾನು ಲೆಕ್ಕಕ್ಕೆ ತಗೊಂಡಿಲ್ಲ ತಾಯಿ ಅಂತ ಅವನು ಎದ್ದುಹೋದ. ಆಮೇಲೆ ನಡುವಿನೋನು ಬಂದು, ಹೇಳಿದ ಮಾತನ್ನ ಇದು ಎಂದೂ ಮೀರಲ್ಲ ಅಂತ ಲೆಕ್ಕ ತೋರಿಸಿದ್ನಂತೆ. ಸರಿ ನೋಡೋಣ ಅಂತ ರಾಣಿ ದಾದಿಗೆ ಒಂದು ಬೆಕ್ಕಿನ ಮರಿ ಕೊಟ್ಟು, ಇದು ಅಳದ ಹಾಗೆ ನೋಡ್ಕೋ ಅಂದ್ರೆ, ದಾದಿ ಅದರ ಬಾಯನ್ನೇ ಒತ್ತಿ ಹಿಡ್ಕೊಂಡುಬಿಡ್ತಂತೆ! ರಾಣಿ ಓಡಿಹೋಗಿ ಬಿಡಿಸಿದ್ಲು. ಆ ನಡುವಿನೋನು ಮಾತ್ರ, ನನ್ನ ಲೆಕ್ಕ ಸರಿ ತಾನೆ, ಮರಿ ಅಳಲಿಲ್ವಲ್ಲ ಅಂತಾನೆ. ಅವನ ತಲೆಗಿಷ್ಟು!

ಆಮೇಲೆ ಚಿಕ್ಕೋನು. ಅವನು ಊಟ ನೀರು ಬಿಟ್ಟು ಲೆಕ್ಕ ಹಾಕಿ, ತಾಯಿ, ಮರಳ ಮೇಲೆ ನಾನು ಬರೆದಿರೋ ದಾದಿ ಯಾವ ಕೇಡೂ ಮಾಡಲ್ಲ, ಆದ್ರೆ ಅಲ್ಲಿ ನಿಂತಿರೋ ದಾದಿ ನಾನು ಬರೆಯೋ ಅಷ್ಟರಲ್ಲಿ ಇನ್ನೇನೋ ಕಲ್ತುಬಿಟ್ಟಿದೆ ಅಂದ್ನಂತೆ. ರಾಣಿಗೆ ರೇಗಿಹೋಯ್ತು. ಹಾಗಾದ್ರೆ ನನ್ನ ಲೆಕ್ಕ ಹಾಕಯ್ಯ, ಹೆತ್ತ ನನ್ನಿಂದ ಕೂಸಿಗೆ ಕೇಡಿಲ್ಲ ಅಂತಾದ್ರೂ ತೋರಿಸು ಅಂದ್ಲಂತೆ. ಅವನು ಬರೆದ, ಅಳಿಸಿದ, ಮತ್ತೆ ಬರೆದ, ನೀವೂ ದಿನಾ ಬದಲಾಗ್ತೀರಲ್ಲ, ಅದೂ ಆಗ್ತಿಲ್ಲ ತಾಯಿ ಅಂದ. ರಾಣಿ ಗೊಳೋ ಅಂತ ಅತ್ತುಬಿಟ್ಲಂತೆ, ಪಾಪ.

ಆಮೇಲೆ ತೊಟ್ಟಿಲನ್ನ ಆಸ್ಥಾನಕ್ಕೇ ತರಿಸಿದ್ಲು. ದಾದಿ ತೂಗೋದು, ರಾಣಿ ಸಿಂಹಾಸನದ ಮೇಲಿಂದ ನೋಡ್ತಿರೋದು. ಕೂಸು ದುಂಡುದುಂಡಗೆ ಬೆಳೀತು, ಎಲ್ಲರೂ ಸುಖವಾಗಿದ್ರಂತೆ.

ದಾದಿ ಒಳ್ಳೇದಾ ಕೆಟ್ಟದ್ದಾ ಅಂತೀಯಾ? ಅಯ್ಯೋ, ನಂಗೂ ಗೊತ್ತಿಲ್ಲ ಕಣೋ, ಎಷ್ಟು ಸಲ ಹೇಳಿದ್ರೂ ಇಲ್ಲಿಗೆ ಬಂದ್ರೆ ತಲೆ ಗಿರ್ರ್ ಅನ್ನುತ್ತೆ. ರಾಣಿಗೂ ಗೊತ್ತಾಗ್ಲಿಲ್ವಂತೆ. ಗೊತ್ತಾಗ್ಲಿಲ್ಲ ಅಂತಾನೇ ಅವಳು ಆ ತೊಟ್ಟಿಲ ಕಡೆಯಿಂದ ಕಣ್ಣು ಕೀಳಲೇ ಇಲ್ಲ. ಅಲ್ಲಿಗೆ ಕತೆ ಮುಗೀತು ಮಗಾ, ನೀನು ಕಣ್ಮುಚ್ಚು, ನಾನು ನೋಡ್ತಿರ್ತೀನಿ.