ಕಾಜಾಣ ಸಾರಿದರೆ ಅಮ್ಮ

ಬೇಲಿಸಾಲಿನ ಗೂಡುಗಳ ಬಳಿ ಅಮ್ಮನ ದನಿಯಲ್ಲಿ ಕೂಗಿ ಕೆಂಬೂತವೊಂದು ಬಾಯಿ ತೆರೆದ ಮರಿಗಳನ್ನು ನುಂಗುತ್ತಿತ್ತು. ಎಲ್ಲರ ಕೂಗನ್ನೂ ಬಲ್ಲ ಕಾಜಾಣ ಮುಂದೆ ಬಂದು ತಾಯಿಹಕ್ಕಿಗಳಿಗೆ ಹೇಳಿತು: "ಬಂದವರು ಯಾರೆಂದು ನಾನೇ ಸಾರುತ್ತೇನೆ. ನೀವು ಸುಮ್ಮನೆ ಗೂಡು ಸೇರಿ."

ಕೊಕ್ಕಿನ ತುಂಬ ಹುಳುವಿಟ್ಟುಕೊಂಡು ಕೂಗುವ ಪಾಡು ತಪ್ಪಿತೆಂದು ತಾಯಿ ಪಿಕಳಾರ ಹಿಗ್ಗಿತು. ಇನ್ನೂ ಕಣ್ಣು ಬಿಡದ ಮರಿಗಳಿಗೆ, "ಕಾಜಾಣ ಹೇಳದೆ ಬಾಯಿ ತೆರೆದೀರಿ, ಜೋಕೆ!" ಎಂದಿತು.

ಒಂದು ಬೆಳಗ್ಗೆ ಕಾಜಾಣವನ್ನು ಗಿಡುಗ ಹೊತ್ತೊಯ್ದಿತು. ಪಿಕಳಾರ ತಾನೇ ಕರೆಯಿತು: "ಕಂದಗಳಿರಾ, ನಾನು ನಿಮ್ಮಮ್ಮ. ಬಾಯಿ ತೆರೆಯಿರಿ."

"ಕಾಜಾಣ ಹೇಳಲಿ."

"ಕಾಜಾಣ ಸತ್ತುಹೋಯಿತು, ಮಕ್ಕಳೇ!"

"ಕೆಂಬೂತವೂ ಹೀಗೇ ಹೇಳೀತು," ಎಂದು ಮರಿಗಳು ಕೊಕ್ಕು ಬಿಗಿದವು.

ಪಿಕಳಾರ ಗಂಟಲು ಹರಿಯುವಂತೆ ಕೂಗಿತು. ಹಸಿವಿನಿಂದ ಮರಿಗಳು ಒಂದೊಂದಾಗಿ ತಣ್ಣಗಾದವು. ಕೊನೆಯ ಉಸಿರಿನವರೆಗೂ ಅವು ಅಮ್ಮನ ಮಾತು ಮೀರಲಿಲ್ಲ.