ನಾಲ್ವರನ್ನು ಕೇಳಿ ನಲವತ್ತು ಪುಟ ಬರೆದವಳು

ಒಂದು ಊರಿನ ದವಸದ ಮಾರುಕಟ್ಟೆಯಲ್ಲಿ ವ್ಯಾಪಾರಿಗಳ ಸಂಘದವರು ಒಂದು ಒಳ್ಳೆಯ ಕೆಲಸ ಮಾಡಿದರು. ರಾಶಿಯ ಮುಂದೆ ಕೂತು ಕಾಳು ಹಸನು ಮಾಡುವ ಹೆಂಗಸರ ಕೂಸುಗಳಿಗೆಂದು ಒಂದು ಕೋಣೆ ಕೊಟ್ಟರು. ತೊಟ್ಟಿಲು ಕಟ್ಟಿಸಿದರು. ನೋಡಿಕೊಳ್ಳಲು ಒಬ್ಬ ಆಯಾಳನ್ನು ಇಟ್ಟರು. ವರ್ಷ ಕಳೆಯಿತು, ಕೂಸುಗಳು ಮಾತ್ರ ಬರಲಿಲ್ಲ. ದಿನಕ್ಕೊಂದು ಬಂದರೆ ಅದೇ ಹೆಚ್ಚು. ಸಂಘದವರಿಗೆ ಬೇಸರ ಬಂತು. ಬೀಗ ಹಾಕಿದರೆ ಖಾಲಿ ಚೀಲ ಇಡಲಿಕ್ಕಾದರೂ ಆಗುತ್ತದೆ ಎಂಬ ಮಾತು ಎದ್ದಿತು.

ಸಂಘದ ಅಧ್ಯಕ್ಷ ಮುರಿಗೆಪ್ಪನವರು ಮೂವತ್ತು ವರ್ಷ ಕಡಲೆ ವ್ಯಾಪಾರ ಮಾಡಿದವರು. ಕಾರಣ ತಿಳಿಯದೆ ಯಾವುದನ್ನೂ ಮುಚ್ಚುವ ಆಸಾಮಿಯಲ್ಲ. ಅವರ ತಮ್ಮನ ಮಗಳು ದಾನೇಶ್ವರಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದಳು. ಅವಳಿಗೂ ಪರೀಕ್ಷೆಗೊಂದು ಅಧ್ಯಯನ ಬೇಕಿತ್ತು. "ಹೆಂಗಸರು ಕೂಸುಗಳನ್ನ ಯಾಕ ತರವಲ್ರು, ನೋಡಿ ಹೇಳವಾ" ಎಂದು ಕೆಲಸ ಒಪ್ಪಿಸಿದರು.

ಹುಡುಗಿ ಜಾಣೆ, ಅದರಲ್ಲಿ ಎರಡು ಮಾತಿಲ್ಲ. ಸಿದ್ಧಾಂತದ ಪುಸ್ತಕ ಸಿಕ್ಕರೆ ಊಟ ಬಿಟ್ಟು ಓದುವಳು. ಸಂಖ್ಯಾಶಾಸ್ತ್ರದ ತರಗತಿ ಇದ್ದ ದಿನ ಮಾತ್ರ ತಪ್ಪದೆ ತಲೆನೋವು ಬರುತ್ತಿತ್ತು. ಹದಿನೈದು ದಿನ ಬಿಟ್ಟು ನಲವತ್ತು ಪುಟದ ವರದಿ ಹಿಡಿದು ಸಂಘದ ಸಭೆಗೆ ಬಂದಳು. ಗಂಭೀರವಾಗಿ ಓದಿದಳು: "ಈ ಮಹಿಳೆಯರಿಗೆ ಸಂಸ್ಥೆಗಳ ಮೇಲೆ ಆಳವಾದ ಅಪನಂಬಿಕೆ ಇದೆ. ಮಗುವನ್ನು ಪರರ ಕೈಗೆ ಒಪ್ಪಿಸಲು ಬಹುತೇಕರು ಸಿದ್ಧರಿಲ್ಲ."

"ಮುಗೀತಲ್ಲ," ಎಂದರು ಒಬ್ಬ ಸದಸ್ಯರು. "ಅವರಿಗೇ ಬ್ಯಾಡಾದ ಮ್ಯಾಲ ನಮಗ್ಯಾಕ? ಬರೂ ಸಭಾದಾಗ ಠರಾವು ಮಾಡಿ ಬೀಗ ಹಾಕೂಣು."

ಬಾಗಿಲಲ್ಲಿ ಫಕೀರವ್ವ ನಿಂತಿದ್ದಳು. ಅವಳೂ ಕಾಳು ಹಸನು ಮಾಡುವವಳೇ. ಕಂಕುಳಲ್ಲಿ ಹತ್ತು ತಿಂಗಳ ಕೂಸು. "ಯಪ್ಪಾ, ಬೀಗ ಹಾಕಬ್ಯಾಡ್ರಿ. ರಾಶಿ ಧೂಳ ಕುಡದು ಕೂಸು ಕೆಮ್ಮಾಕತ್ತೈತಿ. ಇದನ್ನ ಹಿಡಕೊಳ್ಳಾಕ ದೊಡ್ಡ ಮಗಳ ಸಾಲಿ ಬಿಡಿಸೀನ್ರಿ."

"ಮತ್ತ ಕೋಣಿಗೆ ಯಾಕ ತರೂದಿಲ್ಲ?" ಎಂದು ಕೇಳಿದರು ಮುರಿಗೆಪ್ಪ.

"ನಾ ಬರೂ ಹೊತ್ತಿಗೆ ಅಲ್ಲಿ ಬಾಗಲಾ ತಗದಿರೂದಿಲ್ರಿ."

ದಾನೇಶ್ವರಿ ತಟ್ಟನೆ, "ಅದು ಮೇಲ್ನೋಟದ ಕಾರಣ, ದೊಡ್ಡಪ್ಪ. ಒಳಗಿನ ಕಾರಣ ಬೇರೆ ಇರತೈತಿ" ಎಂದಳು. ಸದಸ್ಯರೂ ದನಿಗೂಡಿಸಿದರು: "ಒಬ್ಬಾಕಿ ಹೇಳಿದ್ದನ್ನ ಎಲ್ಲಾರ ಮಾತು ಅನ್ನಾಕ ಬರೂದಿಲ್ಲ."

ಮುರಿಗೆಪ್ಪನವರಿಗೆ ರೇಗಿತು. "ಒಬ್ಬಾಕಿ ಮಾತು ಸಾಲೂದಿಲ್ಲ, ಖರೆ. ನೀ ಎಷ್ಟ ಮಂದೀನ್ನ ಕೇಳೀವಾ?"

"ನಾಲ್ವರನ್ನ. ಆದ್ರ ಆಳವಾಗಿ ಕೇಳೀನಿ."

"ಎಲ್ಲಿ ಸಿಕ್ರು?"

"ಮಧ್ಯಾಹ್ನ ಬೇವಿನ ಗಿಡದ ಕೆಳಗ ಸುಮ್ನ ಕುಂತಿದ್ರು."

"ಆ ನಾಲ್ವರಿಗೂ ಕೂಸು ಅದಾವೇನು?"

ದಾನೇಶ್ವರಿ ಪುಟ ತಿರುವಿದಳು. ಮತ್ತೊಮ್ಮೆ ತಿರುವಿದಳು. ಅದೊಂದನ್ನು ಅವಳು ಕೇಳಿರಲೇ ಇಲ್ಲ.

"ಚೀಲದ ಬಾಯಾಗಿನ ಕಾಳು ನೋಡಿ ಯಾರರೆ ಲಾರಿ ತುಂಬ ಕಡ್ಲಿ ಕೊಳ್ತಾರೇನು?" ಎಂದರು ಮುರಿಗೆಪ್ಪ. "ಕೊಳವಿ ಚುಚ್ಚಿ ನಡುವಿಂದು, ತಳದ್ದು ತಗದು ನೋಡತೀವಿ. ಕಡ್ಲಿಗೆ ಕೊಟ್ಟಷ್ಟು ಮರ್ಯಾದಿ ಈ ಹೆಣಮಕ್ಕಳಿಗೂ ಕೊಡು."

"ಮನುಷ್ಯಾರು ಅಂಕಿ ಅಲ್ಲ, ದೊಡ್ಡಪ್ಪ."

"ಅಲ್ಲ. ಅದಕ್ಕ ಒಬ್ಬರನ್ನೂ ಬಿಡದ ಎಣಸಬೇಕು."

ಹುಡುಗಿ ಮುಖ ಊದಿಸಿಕೊಂಡೇ ಒಪ್ಪಿದಳು. ಆರು ದಿನ, ನಸುಕು ಹರಿಯುವ ಮೊದಲೇ ಬಂದು ಮಾರುಕಟ್ಟೆಯ ಬಾಗಿಲಲ್ಲಿ ನಿಂತಳು. ಬಂದವರ ಹೆಸರು, ಬಂದ ಹೊತ್ತು, ಕೂಸಿದೆಯೋ ಇಲ್ಲವೋ, ಇಷ್ಟೇ ಬರೆದುಕೊಂಡಳು. ಮುಂದಿನ ಸಭೆಗೆ ತಂದದ್ದು ಒಂದೇ ಹಾಳೆ.

ಹೆಂಗಸರು ಒಟ್ಟು ಅರವತ್ತನಾಲ್ಕು ಮಂದಿ. ಸಣ್ಣ ಕೂಸಿನ ತಾಯಂದಿರು ಇಪ್ಪತ್ಮೂರು. ಅವರಲ್ಲಿ ಇಪ್ಪತ್ತೊಂದು ಮಂದಿ ಬೆಳಗಿನ ಏಳರೊಳಗೆ ರಾಶಿಯ ಮುಂದೆ ಕೂತಾಗಿರುತ್ತದೆ. ಕೋಣೆಯ ಬಾಗಿಲು ತೆರೆಯುವುದು ಹತ್ತಕ್ಕೆ. ಅಷ್ಟು ಹೊತ್ತಿಗೆ ಕೂಸನ್ನು ಬಿಟ್ಟು ಬರಲು ಎದ್ದು ಹೋದರೆ ಆ ರಾಶಿಗೆ ಇನ್ನೊಬ್ಬಳು ಕೂರುತ್ತಾಳೆ; ಆ ಮಾರುಕಟ್ಟೆಯ ರೂಢಿಯೇ ಹಾಗೆ. ಹಾಗಾಗಿ ಯಾರೂ ಏಳುವುದಿಲ್ಲ. ಹತ್ತು ಗಂಟೆ ಎಂದು ಗೊತ್ತು ಮಾಡಿದವರು ಯಾರು? ಸಂಘದವರೇ. ಅವರ ಅಂಗಡಿಗಳು ತೆರೆಯುವುದು ಹತ್ತಕ್ಕೆ.

ಬೇವಿನ ಗಿಡದ ಕೆಳಗಿನ ನಾಲ್ವರ ಹೆಸರೂ ಹಾಳೆಯಲ್ಲಿತ್ತು. ಯಾರಿಗೂ ಸಣ್ಣ ಕೂಸಿರಲಿಲ್ಲ. ಇಬ್ಬರಿಗೆ ಮೊಮ್ಮಕ್ಕಳಿದ್ದರು.

ಬೀಗದ ಠರಾವನ್ನು ಸಭೆ ಅಲ್ಲಿಗೇ ಕೈಬಿಟ್ಟಿತು. ಮರುವಾರದಿಂದ ಕೋಣೆಯ ಬಾಗಿಲು ಆರಕ್ಕೆ ತೆರೆಯಿತು. ತಿಂಗಳು ತುಂಬುವಷ್ಟರಲ್ಲಿ ಹದಿನೇಳು ಕೂಸುಗಳು ಬರತೊಡಗಿದವು. ಫಕೀರವ್ವನ ದೊಡ್ಡ ಮಗಳು ಶಾಲೆಗೆ ಹೋದಳು.

ದಾನೇಶ್ವರಿ ನಲವತ್ತು ಪುಟದ ವರದಿಯನ್ನು ಹರಿಯಲು ಹೊರಟಳು. ಮುರಿಗೆಪ್ಪನವರು ಅವಳ ಕೈ ತಡೆದರು.

"ಹರೀಬ್ಯಾಡ. ಇಪ್ಪತ್ಮೂರರಾಗ ಇನ್ನೂ ಆರು ಮಂದಿ ಕೂಸು ತಂದಿಲ್ಲ. ಬಾಗಲಾ ಆರಕ್ಕ ತಗದ ಮ್ಯಾಲ ಅವರಿಗೆ ಹೊತ್ತಿನ ತೊಡಕಿಲ್ಲ, ಮತ್ತೇನೋ ಐತಿ. ಆ ಆರು ಮನಿಗೆ ಈಗ ನಿನ್ನ ಸಿದ್ಧಾಂತ ತಗೊಂಡು ಹೋಗು."

ನೀತಿ: ಯಾಕೆ ಎಂದು ವಿವರಿಸಲು ಸಿದ್ಧಾಂತ ಬೇಕು. ಆದರೆ ಎಷ್ಟು ಮಂದಿಗೆ, ಯಾವ ಹೊತ್ತಿನಲ್ಲಿ ಎಂದು ಮೊದಲು ಎಣಿಸಬೇಕು. ಎಣಿಸಲು ಬೇಸರಪಟ್ಟವರು ತಮ್ಮ ಕಡೆಯ ತಪ್ಪನ್ನು ಬಡವರ ಸ್ವಭಾವವೆಂದು ಬರೆದುಬಿಡುತ್ತಾರೆ.